ಗೋಡೆಯ ಮೇಲಿನ ಭೀಮ ಯಾರವನು?

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಅಂಗನವಾಡಿ, ಶಾಲೆಗಳ ಗೋಡೆಗಳನ್ನು ನೋಡುತ್ತ ಬಂದ ನನಗೆ ಭೀಮಾ ತೀರದಲ್ಲಿ ಈಗ ಛೋಟಾ ಭೀಮನದೇ ರಾಜ್ಯಭಾರವೇನೋ ಎನಿಸುತ್ತದೆ. ಜೊತೆಗೆ ಡೋರೇಮಾನ್, ಮಿಕ್ಕಿಮೌಸ್. ಮಕ್ಕಳು ನಲಿಯುವುದು ಸಂತೋಷದ ಸಂಗತಿಯೇ. ಆದರೆ ಈ ಪಾತ್ರಗಳು ಯಾರ ಸ್ವತ್ತು, ತಕರಾರು ಬಂದರೆ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ.

1957ರ ಕೃತಿಸ್ವಾಮ್ಯ ಕಾಯ್ದೆ ರಕ್ಷಿಸುವುದು ಕಲ್ಪನೆಯನ್ನಲ್ಲ, ಕಲ್ಪನೆ ತಳೆದ ರೂಪವನ್ನು. ಮಹಾಭಾರತದ ಭೀಮ ಎಲ್ಲರವನು. 2008ರಲ್ಲಿ ಕಿರುತೆರೆಗೆ ಬಂದ, ಲಡ್ಡು ತಿನ್ನುವ ಪುಟ್ಟ ಭೀಮ ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯವನು. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗಳ ಮೊಕದ್ದಮೆಯನ್ನು ನೆನೆಯಬಹುದು. ಕಥೆಗಳು ಪುರಾಣದವೇ ಆದರೂ, ಕಾರಂತರು ರೂಪಿಸಿದ ರೀತಿಯಲ್ಲೇ ಆಡುವುದಾದರೆ ಕೃತಿಸ್ವಾಮ್ಯಕ್ಕೆ ಬದ್ಧರಾಗಿರಬೇಕೆಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು.

ಪಾಠದ ಅಂಗವಾಗಿ ಶಿಕ್ಷಕರು, ಮಕ್ಕಳು ಇಂಥ ಚಿತ್ರ ಬರೆದರೆ 52ನೇ ಕಲಮಿನ ವಿನಾಯಿತಿ ಉಂಟು. ಕೂಲಿಗೆ ಗೋಡೆ ಬರೆಯುವ ಪೇಂಟರಿಗೆ ಆ ಆಸರೆ ಸುಲಭವಾಗಿ ದಕ್ಕದು. ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದರೆ 63ನೇ ಕಲಮಿನನ್ವಯ 6 ತಿಂಗಳಿನಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಕಂಪನಿಗಳು ಹಳ್ಳಿಯ ಗೋಡೆಯನ್ನು ಹುಡುಕಿಕೊಂಡು ಬರುತ್ತವೆಯೇ ಎನ್ನಬಹುದು. ಬಾರದಿರಬಹುದು, ಆದರೆ ಅನ್ಯರ ಔದಾಸೀನ್ಯವನ್ನು ನೆಚ್ಚಿ ಸಾರ್ವಜನಿಕ ಕೆಲಸ ನಡೆಯಬಾರದು. ಅದೇ ಪೇಂಟರ್ ನಾಳೆ ಆ ಚಿತ್ರವನ್ನು ಅಂಗಿ, ಚೀಲಗಳ ಮೇಲೆ ಅಚ್ಚು ಹಾಕಿ ಮಾರಹೊರಟರೆ ನೋಟಿಸು ಬರುವುದು ಅವನ ವಿಳಾಸಕ್ಕೇ.

ಹಾಗೆಂದು ಈ ಕಾಯ್ದೆ ಕಂಪನಿಗಳಿಗಷ್ಟೇ ಕಾವಲು ಎಂದು ಭಾವಿಸಬೇಕಿಲ್ಲ. ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು (1916–1993) ಪುರಾಣದ ಪಾತ್ರಗಳನ್ನು ಕ್ಯಾಲೆಂಡರುಗಳ ಮೂಲಕ ಮನೆಮನೆಗೆ ತಲುಪಿಸಿದರು. ಪಾತ್ರ ಎಲ್ಲರದು, ಕುಂಚ ಅವರದು. ಅವರ ಜೀವಿತಕಾಲದಲ್ಲಿ ಪ್ರಕಟವಾದ ಚಿತ್ರಗಳ ಕೃತಿಸ್ವಾಮ್ಯ, ಅದು ಯಾರ ಕೈಯಲ್ಲಿದ್ದರೂ, 2053ರ ಕೊನೆಯವರೆಗೆ ಉಳಿಯುತ್ತದೆ.

ಆದ್ದರಿಂದ ಗೋಡೆಚಿತ್ರ ಬರೆಯಿಸುವ ಪಂಚಾಯಿತಿ, ಇಲಾಖೆಗಳು ಕಂಪನಿಯ ಪಾತ್ರವೇ ಬೇಕೆಂದರೆ ಅನುಮತಿ ತರುವ ಹೊಣೆಯನ್ನು ತಾವೇ ಹೊತ್ತು, ಕಾರ್ಯಾದೇಶದಲ್ಲಿ ನಮೂದಿಸಲಿ. ಇಲ್ಲವೇ ಸ್ಥಳೀಯ ಕಲಾವಿದರಿಂದ ಹೊಸ ಪಾತ್ರಗಳನ್ನು ಬರೆಯಿಸಿ, ಆ ಶ್ರಮಕ್ಕೆ ತಕ್ಕ ಸಂಭಾವನೆ ಕೊಡಲಿ. ತೊಗರಿ ಹೊಲದ ನಡುವೆ ದೊಡ್ಡಾಟದ ಕಿರೀಟ ತೊಟ್ಟು ನಿಂತ ಭೀಮನನ್ನು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ.