ಸಲಹೆ ಕೊಟ್ಟವನಿಗೆ ಎಷ್ಟು ಸಿಕ್ಕಿತು?

ಮನಾಮದ ಡಿಪ್ಲೊಮ್ಯಾಟಿಕ್ ಏರಿಯಾದಲ್ಲಿ, ಬಹರೈನ್ ಕೇಂದ್ರ ಬ್ಯಾಂಕಿನಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿ ನನ್ನ ಕಚೇರಿಯಿದೆ. ದುಡಿದ ದುಡ್ಡನ್ನು ಎಲ್ಲಿ ಹಾಕಬೇಕು ಎಂದು ಹೇಳುವುದು ನನ್ನ ಕಸುಬು. ‘ಆ್ಯಪ್ ಬಂತಲ್ಲ ಮಾರಾಯ್ರೇ, ಇನ್ನು ನಿಮ್ಮನ್ನು ಯಾರು ಕೇಳ್ತಾರೆ?’ ಎಂದು ಸ್ನೇಹಿತರು ಛೇಡಿಸುತ್ತಾರೆ. ಡಿಜಿಟಲ್ ಸಲಹೆಗೆಂದೇ ಕೇಂದ್ರ ಬ್ಯಾಂಕು 2019ರಲ್ಲಿ ನಿಯಮ ತಂದಾಗಿನಿಂದ ಈ ಮಾತು ಕೇಳುತ್ತಿದ್ದೇನೆ. ಆದರೆ ಗಲ್ಫಿನಲ್ಲಿ ನಮ್ಮ ಜನರ ಉಳಿತಾಯ ತಿಂದದ್ದು ಯಂತ್ರವಲ್ಲ, ನಮ್ಮೂರಿನವನ ನಗುಮುಖ.

ಅದರ ಕ್ರಮ ಇಲ್ಲಿರುವವರಿಗೆಲ್ಲ ಗೊತ್ತು. ಶುಕ್ರವಾರದ ಪೂಜೆ, ಊಟ, ಇಲ್ಲವೇ ಕ್ರಿಕೆಟ್ ಪಂದ್ಯ. ‘ಯಾವೂರಾಯ್ತು? ಓ, ಮೂಡುಬಿದಿರೆಯಾ? ನಮ್ಮ ಅತ್ತೆ ಮನೆ ಅಲ್ಲೇ.’ ಮುಂದಿನ ವಾರ ಅದೇ ಮನುಷ್ಯ ಬಣ್ಣದ ಕಾಗದ ಹಿಡಿದು ರೂಮಿಗೆ ಬರುತ್ತಾನೆ. ಎರಡು ವರ್ಷದ ವೀಸಾದಲ್ಲಿರುವವನು ಇಪ್ಪತ್ತೈದು ವರ್ಷದ ಉಳಿತಾಯ ಯೋಜನೆಗೆ ಸಹಿ ಹಾಕುತ್ತಾನೆ. ಮೊದಲ ವರ್ಷಗಳ ಕಂತಿನ ದೊಡ್ಡ ಪಾಲು ಕಮಿಷನ್ನಿಗೆ ಹೋಗಿರುತ್ತದೆ. ಕೆಲಸ ಹೋಗಿ ಊರಿಗೆ ಹೊರಟಾಗ ಪಾಲಿಸಿ ಮುರಿದರೆ ಕಟ್ಟಿದ್ದರಲ್ಲಿ ಅರ್ಧವೂ ಕೈಗೆ ಬಾರದ ಪ್ರಕರಣಗಳನ್ನು ನಾನೇ ನೋಡಿದ್ದೇನೆ. ಯಾಕೆ ಸಹಿ ಹಾಕಿದಿರಿ ಎಂದರೆ, ‘ಮನೆಗೆ ಬಂದು ಕೂತವರಿಗೆ ಬೇಡ ಅನ್ನುವುದು ಹೇಗೆ ಸಾರ್?’ ಫೋನಿನ ಮುಂದೆ ಈ ದಾಕ್ಷಿಣ್ಯವಿಲ್ಲ. ಬೇಡವೆಂದರೆ ಬೇಡ, ಅದಕ್ಕೇನೂ ಬೇಸರವಿಲ್ಲ.

ಸಂಬಂಧದ ಜಾಗದಲ್ಲಿ ವ್ಯವಸ್ಥೆ ಬಂದು ಒಳ್ಳೆಯದಾದ ಉದಾಹರಣೆ ಇಲ್ಲೇ ಇದೆ. ಹೊರದೇಶದ ನೌಕರನ ಗ್ರಾಚ್ಯುಟಿ ಮೊದಲು ಕೊನೆಯ ದಿನ ಮಾಲೀಕನ ಕೈಯಿಂದ ಬರಬೇಕಿತ್ತು. ಅವನ ಮನಸ್ಸು, ಅವನ ಕಂಪನಿಯ ಸ್ಥಿತಿ ಎರಡೂ ಚೆನ್ನಾಗಿರಬೇಕು. 2024ರ ಮಾರ್ಚ್‌ನಿಂದ ಮಾಲೀಕ ಅದನ್ನು ತಿಂಗಳು ತಿಂಗಳು ಸಾಮಾಜಿಕ ವಿಮಾ ಸಂಸ್ಥೆಗೆ ಕಟ್ಟಬೇಕು: ಮೊದಲ ಮೂರು ವರ್ಷ ಸಂಬಳದ ಶೇ 4.2, ಆಮೇಲೆ ಶೇ 8.4. ಇದನ್ನು ತಂದವರಿಗೆ ನನ್ನದೊಂದು ಸಲಾಮು.

ಹಾಗಂತ ಎಲ್ಲವನ್ನೂ ಆ್ಯಪ್‌ಗೆ ಒಪ್ಪಿಸಿ ಕೂರಲಾಗದು. ಬೆಳ್ತಂಗಡಿ ಕಡೆಯ ಹುಡುಗನೊಬ್ಬ, ಕಟ್ಟಡ ಕೆಲಸದಲ್ಲಿ ಸೂಪರ್‌ವೈಸರ್, ನನ್ನೆದುರು ಕೂತು ಫೋನು ತೋರಿಸಿದ. ಮಾರುಕಟ್ಟೆ ಶೇ 20 ಕುಸಿದರೆ ಏನು ಮಾಡುತ್ತೀರಿ ಎಂದು ಆ್ಯಪ್ ಕೇಳಿತ್ತು. ‘ಇನ್ನಷ್ಟು ಕೊಳ್ಳುತ್ತೇನೆ’ ಎಂದು ಒತ್ತಿದ್ದ. ಹೆದರುತ್ತೇನೆ ಎಂದು ಯಾವ ಹುಡುಗ ಒತ್ತುತ್ತಾನೆ? ಆ್ಯಪ್ ಅವನನ್ನು ಧೈರ್ಯಸ್ಥ ಹೂಡಿಕೆದಾರರ ಪಟ್ಟಿಗೆ ಸೇರಿಸಿ ಮುಕ್ಕಾಲು ಪಾಲು ಷೇರಿಗೆ ಹಾಕು ಎಂದಿತ್ತು.

‘ಊರಲ್ಲಿ ಸಾಲ ಇದೆಯಾ?’ ಎಂದೆ.

‘ಸಾಲ ಏನಿಲ್ಲ ಸಾರ್.’ ಸ್ವಲ್ಪ ತಡೆದು, ‘ಅಮ್ಮನ ಬಂಗಾರ ಸೊಸೈಟಿಯಲ್ಲಿದೆ. ವೀಸಾಕ್ಕೆ ಇಟ್ಟದ್ದು.’

‘ತಂಗಿ?’

‘ಬರುವ ವರ್ಷ ಮದುವೆ.’

ಅಡವಿಟ್ಟ ಬಂಗಾರ ಅವನ ಲೆಕ್ಕದಲ್ಲಿ ಸಾಲವೇ ಅಲ್ಲ, ಹಾಗಾಗಿ ಫಾರ್ಮಿನಲ್ಲಿ ಸೊನ್ನೆ ತುಂಬಿದ್ದ. ಇನ್ನೂ ಕೆದಕಿದರೆ, ಊರಿನ ಹಳೇ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆ ಮಾಡಿಸಿರಲೇ ಇಲ್ಲ. ಸಂಬಳ ಕಳಿಸಲು ಎನ್‌ಆರ್‌ಇ ಖಾತೆ ತೆರೆದರೆ ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ, ಎನ್‌ಆರ್‌ಒ ಬಡ್ಡಿಯಲ್ಲಾದರೆ ಶೇ 30 ಮೂಲದಲ್ಲೇ ಮುರಿಯುತ್ತಾರೆ ಎಂಬುದೂ ಅವನಿಗೆ ಹೊಸ ಸುದ್ದಿ. ಷೇರಿನ ಮಾತು ಆಮೇಲಾಯಿತು. ಮೊದಲು ಬಂಗಾರ ಬಿಡಿಸು ಎಂದೆ.

ನಮ್ಮ ಕರಾವಳಿಗೆ ಈ ಕಸುಬಿನ ಪಾಠ ಹೊರಗಿನವರಿಂದ ಬರಬೇಕಿಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟ್ ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆ ಪಡೆಯುತ್ತಿದ್ದ. ಅವನಿಗೂ ಕಮಿಷನ್ ಇತ್ತು, ಅವನೂ ಊರಿನವನೇ. ಆದರೆ ನಾಳೆಯೂ ಅದೇ ಜಗಲಿಗೆ ಬರಬೇಕಿತ್ತು. ನಿನ್ನೆ ಹೇಳಿದ್ದು ಸುಳ್ಳಾದರೆ ಮನೆಯೊಡತಿ ಅಲ್ಲೇ ವಿಚಾರಿಸಿಕೊಳ್ಳುತ್ತಿದ್ದಳು. ಇಲ್ಲಿ ಪಾಲಿಸಿ ಮಾರಿದವನು ಮುಂದಿನ ವರ್ಷ ದುಬೈಯಲ್ಲಿರುತ್ತಾನೆ, ಫೋನ್ ನಂಬರೂ ಬದಲಾಗಿರುತ್ತದೆ.

ಅದಕ್ಕೇ ನಾನು ಕೇಳುವುದು ಇಷ್ಟೆ. ಲೆಕ್ಕವನ್ನು ಆ್ಯಪ್ ಮಾಡಲಿ, ನನಗಿಂತ ಚೆನ್ನಾಗಿ ಮಾಡುತ್ತದೆ. ಮನುಷ್ಯ ಮುಂದೆ ಕೂತು ಮನೆಯ ವಿಷಯ ಕೇಳಲಿ, ಆ ಹೊತ್ತಿಗೆ ನೇರವಾಗಿ ಫೀಸು ತೆಗೆದುಕೊಳ್ಳಲಿ. ಊರ ಜಾತ್ರೆಗೆ ಲೆಕ್ಕ ನೋಡದೆ ದುಡ್ಡು ಕೊಡುವ ನಮ್ಮವರು ಸಲಹೆಗೆ ಹತ್ತು ದಿನಾರ್ ಕೊಡಲು ಹಿಂದೆಮುಂದೆ ನೋಡುತ್ತಾರೆ, ಪುಕ್ಕಟೆ ಸಲಹೆಗೆ ಸಾವಿರಗಟ್ಟಲೆ ಕಳೆಯುತ್ತಾರೆ. ಪುಕ್ಕಟೆ ಎಂದು ಬಂದವನ ಮುಂದೆ ಒಂದು ಬಿಳಿ ಹಾಳೆ ಇಡಿ. ಇದರಲ್ಲಿ ನಿನಗೆಷ್ಟು, ದುಡ್ಡು ಎಷ್ಟು ವರ್ಷ ಸಿಕ್ಕಿಬೀಳುತ್ತದೆ, ಬರುವ ವರ್ಷವೇ ಊರಿಗೆ ಹೋದರೆ ಕೈಗೆಷ್ಟು: ಮೂರನ್ನೂ ಕನ್ನಡದಲ್ಲೇ ಬರೆದು ಸಹಿ ಹಾಕು ಅನ್ನಿ. ನನ್ನ ಮುಂದೆಯೂ ಇಡಿ.