ಸದ್ವರ್ತನೆಗೆ ಬಹುಮಾನವೇ?

ನಮ್ಮ ಪಾಠಶಾಲೆಯಲ್ಲಿ ಗಣಿತಕ್ಕೂ, ಹೊಲಿಗೆಗೂ, ಸಂಗೀತಕ್ಕೂ ಬಹುಮಾನವುಂಟು. ಸದ್ವರ್ತನೆಗೆ ಮಾತ್ರ ಏಕಿಲ್ಲವೆಂದು ಹೆತ್ತವರಲ್ಲಿ ಕೆಲವರು ನಮ್ಮನ್ನು ಕೇಳುತ್ತ ಬಂದಿದ್ದಾರೆ. ಬಾಲಿಕೆಯರು ಮಾಡುವ ಒಂದೊಂದು ಒಳ್ಳೆಯ ಕೆಲಸಕ್ಕೂ ಅಂಕವಿತ್ತು, ವರ್ಷದ ಕೊನೆಯಲ್ಲಿ ಹೆಚ್ಚು ಅಂಕ ಪಡೆದವಳಿಗೆ ಪದಕ ಕೊಡಬೇಕೆಂಬುದು ಅವರ ಸೂಚನೆ. ಅದು ಸದುದ್ದೇಶದಿಂದ ಬಂದುದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಅದನ್ನು ನಾವು ಒಪ್ಪಲಾರೆವು. ಕಾರಣವನ್ನು ತಿಳಿಸುವುದಕ್ಕಾಗಿ ಚೀನಾದೇಶದ ಹಳೆಯ ವಿವಾದವೊಂದನ್ನು ವಾಚಕರ ಮುಂದಿಡುತ್ತೇವೆ; ಈ ಪ್ರಶ್ನೆಯನ್ನು ಅಲ್ಲಿಯ ಪಂಡಿತರು ಬಹು ಆಳವಾಗಿ ಶೋಧಿಸಿದ್ದಾರೆ.

ವಿದ್ಯೆಯೆಂದರೆ ಮೊದಲು ತನ್ನನ್ನು ತಾನು ತಿದ್ದಿಕೊಳ್ಳುವುದು, ತಾನು ತಿದ್ದಿದರೆ ಮನೆ ತಿದ್ದೀತು, ಮನೆ ತಿದ್ದಿದರೆ ನಾಡು ತಿದ್ದೀತು ಎಂಬುದು ಕನ್‌ಫ್ಯೂಷಿಯಸನ (ಕ್ರಿ. ಪೂ. 551–479) ಪಂಥದವರ ನಂಬಿಕೆ. ಆತನ ಶಿಷ್ಯನಾದ ಜೆಂಗ್‌ಜಿಯು, ಪರರ ಕೆಲಸದಲ್ಲಿ ನಿಷ್ಠೆ, ಮಿತ್ರರಲ್ಲಿ ವಿಶ್ವಾಸ, ಗುರುವಿನಿಂದ ಕಲಿತುದರ ಅಭ್ಯಾಸ ಈ ಮೂರರಲ್ಲಿ ತಾನು ತಪ್ಪಿದೆನೋ ಎಂದು ದಿನಂಪ್ರತಿ ವಿಚಾರಿಸಿಕೊಳ್ಳುತ್ತಿದ್ದನಂತೆ. ಇಲ್ಲಿ ಪರೀಕ್ಷಕನೂ ಪರೀಕ್ಷೆಗೆ ಕುಳಿತವನೂ ಒಬ್ಬನೇ ಎಂಬುದನ್ನು ಗಮನಿಸಬೇಕು.

ಬಹುಕಾಲ ಕಳೆದ ಮೇಲೆ ಈ ಆತ್ಮವಿಚಾರಣೆಗೆ ಬೌದ್ಧರ ಮತ್ತು ದಾವ್ ಮತದವರ ಪುಣ್ಯಪಾಪಗಳ ಎಣಿಕೆಯೂ ಸೇರಿ, ವರ್ತಕರ ಜಮಾಖರ್ಚಿನಂತಹ ಪುಸ್ತಕಗಳು ಬಳಕೆಗೆ ಬಂದವು. ಇವನ್ನು ಪ್ರಸಿದ್ಧಿಗೆ ತಂದವನು ಯುವಾನ್ ಹ್ವಾಂಗ್ (1533–1606). ಒಬ್ಬನ ಪ್ರಾಣವನ್ನುಳಿಸಿದರೆ 100 ಗುಣ, ಒಬ್ಬರ ಒಳ್ಳೆಯತನವನ್ನು ಹೊಗಳಿದರೆ 1 ಗುಣ, ಹೀಗೆ ಎಲ್ಲಕ್ಕೂ ದರವಿತ್ತು. ಆತನು ಪುತ್ರಸಂತಾನಕ್ಕಾಗಿ 3,000 ಸತ್ಕಾರ್ಯಗಳ ಹರಕೆ ಹೊತ್ತನು; ಮಗ ಹುಟ್ಟಿದನು. ರಾಜಧಾನಿಯ ಪರೀಕ್ಷೆಗಾಗಿ 10,000 ಸತ್ಕಾರ್ಯಗಳ ಹರಕೆ ಹೊತ್ತನು; 1586ರಲ್ಲಿ ತೇರ್ಗಡೆಯಾದನು. ಇದೆಲ್ಲವನ್ನೂ ಮಗನಿಗೆ ಉಪದೇಶವಾಗಿ ಆತನೇ ಬರೆದಿಟ್ಟಿದ್ದಾನೆ.

ಆ ಬರಹದಲ್ಲಿ ನಮ್ಮ ಮನಸ್ಸನ್ನು ಸೆಳೆಯುವವಳು ಆತನ ಪತ್ನಿ. ಆಕೆಗೆ ಅಕ್ಷರ ಬಾರದು. ಬಡವರಿಗೆ ಅನ್ನವಿಕ್ಕಿದಾಗ, ಹಿಡಿದು ತಂದ ಪ್ರಾಣಿಯನ್ನು ಬಿಡಿಸಿದಾಗ, ಹೆಬ್ಬಾತಿನ ಗರಿಯ ಕೊಳವೆಯನ್ನು ಕೆಂಪು ಬಣ್ಣದಲ್ಲದ್ದಿ ಪಂಚಾಂಗದ ಮೇಲೆ ಒಂದೊಂದು ಉಂಗುರವನ್ನೊತ್ತುತ್ತಿದ್ದಳಂತೆ. ಕೆಲವು ದಿನ ಹತ್ತಕ್ಕೂ ಹೆಚ್ಚು. ಗಂಡನು ಅಧಿಕಾರಿಯಾಗಿ ಸರಕಾರಿ ಬಿಡಾರಕ್ಕೆ ಹೋದ ಮೇಲೆ, ಇಲ್ಲಿ ಮಾಡುವುದಕ್ಕೆ ಕೆಲಸವೇ ಇಲ್ಲವಲ್ಲ, 10,000 ತುಂಬುವುದೆಂದಿಗೆ ಎಂದು ಆಕೆ ಚಿಂತಿಸಿದಳು. ಆತನಿಗಾದರೋ ಕನಸಿನಲ್ಲಿ ದೇವತಾಪುರುಷನೊಬ್ಬನು ಕಾಣಿಸಿಕೊಂಡು, ರೈತರ ಕಂದಾಯವನ್ನು ಇಳಿಸಿದುದೊಂದರಿಂದಲೇ ಹರಕೆ ಪೂರ್ತಿಯಾಯಿತೆಂದು ತಿಳಿಸಿದನು. (ಗಂಡಸರ ಲೆಕ್ಕ ಎಷ್ಟು ಸುಲಭವಾಗಿ ಚುಕ್ತವಾಗುತ್ತದೆ!) ಕಂದಾಯ ಇಳಿದು ರೈತರಿಗೆ ಉಪಕಾರವಾದುದು ನಿಜ. ಆದರೆ ಹಸಿದವನಿಗೆ ಅನ್ನವಿಕ್ಕಿದ ಆ ತಾಯಿಯೂ ಕಡೆಗೆ ಬಾಕಿಯ ಚಿಂತೆಗೆ ಬಿದ್ದಳಲ್ಲ ಎಂಬುದೇ ನಮ್ಮ ವ್ಯಥೆ.

ಈ ಪದ್ಧತಿಯನ್ನು ಖಂಡಿಸಿದವನು ಲಿಯು ಜೊಂಗ್‌ಜೌ (1578–1645). ಮಿಂಗ್ ರಾಜ್ಯ ಬಿದ್ದಾಗ ಅನ್ನವನ್ನು ತೊರೆದು ಪ್ರಾಣಬಿಟ್ಟ ದೃಢಚಿತ್ತನೀತ. ಒಳ್ಳೆಯದನ್ನು ಮಾಡುವುದು ಮನುಷ್ಯನ ಸಹಜ ಕರ್ತವ್ಯ. ಅದನ್ನು ಜಮಾ ಕಟ್ಟಿ ಪ್ರತಿಫಲಕ್ಕೆ ಕಾಯುವವನು ಲಾಭಕ್ಕೆ ಕುಳಿತವನು ಎಂಬುದು ಆತನ ವಾದ. ಆದಕಾರಣ ಆತನು ರಚಿಸಿದ ಪುಸ್ತಕದಲ್ಲಿ ತಪ್ಪುಗಳಿಗೆ ಮಾತ್ರ ಎಡೆಯುಂಟು, ಗುಣಗಳಿಗಿಲ್ಲ. ಇನ್ನೂ ಹೊರಗೆ ತಲೆದೋರದ ಮನಸ್ಸಿನ ದೋಷದಿಂದ ತೊಡಗಿ, ಕೋಪಹರ್ಷಗಳ ಅತಿರೇಕ, ಮೈನಿಲುವಿನ ಅವಿನಯ, ಬಂಧುಮಿತ್ರರಲ್ಲಿ ಮಾಡಿದ ಅಪಚಾರಗಳವರೆಗೆ ಮೆಟ್ಟಲು ಮೆಟ್ಟಲಾಗಿ ತಪ್ಪುಗಳನ್ನು ವಿಂಗಡಿಸಿದ್ದಾನೆ. ಬೆಳಗಿನ ಹೊತ್ತು ಒಂದು ಧೂಪದ ಕಡ್ಡಿ, ಒಂದು ಬೋಗುಣಿ ನೀರು ಮುಂದಿಟ್ಟುಕೊಂಡು, ಚಾಪೆಯ ಮೇಲೆ ನೆಟ್ಟಗೆ ಕುಳಿತು ತನ್ನ ಮೇಲೆ ತಾನೇ ಆಪಾದನೆ ಹೊರಿಸಿಕೊಳ್ಳಬೇಕೆಂದೂ ವಿಧಿಸಿದ್ದಾನೆ.

ತಪ್ಪನ್ನೇ ಎಣಿಸುತ್ತ ಕುಳಿತರೆ ಎಳೆಯ ಹುಡುಗಿ ಕುಗ್ಗಿಹೋಗುವುದಿಲ್ಲವೇ ಎಂದು ತಾಯಂದಿರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪರರು ಎಣಿಸಿದರೆ ಖಂಡಿತ ಕುಗ್ಗುವಳು. ಪೈರು ಬೇಗ ಬೆಳೆಯಲೆಂದು ಸಸಿಗಳನ್ನು ಮೇಲಕ್ಕೆಳೆದು ಒಣಗಿಸಿದ ಸೊಂಗ್ ನಾಡಿನ ಮೂಢನ ಕಥೆಯನ್ನು ಮೆನ್ಶಿಯಸನು ಹೇಳಿರುವುದು ಇಂತಹ ಆತುರಗಾರರಿಗಾಗಿಯೇ. ಆದುದರಿಂದ ಆ ಪುಸ್ತಕವು ಹುಡುಗಿಯ ಸ್ವಂತದ್ದಾಗಿರಬೇಕು. ಉಪಾಧ್ಯಾಯಿನಿಯಾಗಲಿ ತಾಯಿಯಾಗಲಿ ಅದನ್ನು ತೆರೆದು ನೋಡಬಾರದು. ಬರೆಯಲೇಬೇಕೆಂಬ ನಿರ್ಬಂಧವೂ ಬೇಡ.

ಅಂಕ ಕೊಡತೊಡಗಿದರೆ ಏನಾಗುವುದೆಂದು ತರಗತಿಯ ಅನುಭವವುಳ್ಳವರಿಗೆ ಹೇಳಬೇಕಾದುದಿಲ್ಲ. ಉಪಾಧ್ಯಾಯಿನಿಯ ಹೆಜ್ಜೆಯ ಸಪ್ಪಳ ಕೇಳಿದೊಡನೆಯೇ ಕಾಗದದ ಚೂರನ್ನು ಹೆಕ್ಕಲು ಬಗ್ಗುವ ಜಾಣೆಯರು ಪ್ರತಿ ತರಗತಿಯಲ್ಲಿಯೂ ಇಬ್ಬರಾದರೂ ಇರುತ್ತಾರೆ. ಪದಕವು ಅವರಿಗೇ ಸಲ್ಲುವುದು. ಜ್ವರದಲ್ಲಿ ಮಲಗಿದ ಗೆಳತಿಗಾಗಿ ಪಾಠವನ್ನು ಪ್ರತಿಮಾಡಿ ಕೊಟ್ಟು, ಯಾರಿಗೂ ಹೇಳದೆ ಸುಮ್ಮನಿರುವವಳ ಹೆಸರು ನಮ್ಮ ಕಿವಿಗೆ ಬೀಳುವುದೇ ಇಲ್ಲ.

ಹೀಗಿರುವುದರಿಂದ ಈ ವರ್ಷದ ಬಹುಮಾನಗಳ ಪಟ್ಟಿಯಲ್ಲಿಯೂ ಸದ್ವರ್ತನೆಯ ಪದಕ ಕಾಣದು. ಅದಕ್ಕೆಂದು ಹಣ ನೀಡಲು ಮುಂದೆ ಬಂದಿರುವ ಹಳೆಯ ವಿದ್ಯಾರ್ಥಿನಿಯರು ಆ ಮೊತ್ತವನ್ನು ಪುಸ್ತಕ ಭಂಡಾರಕ್ಕೆ ಕೊಡುವುದಾದರೆ ಸಂತೋಷದಿಂದ ಸ್ವೀಕರಿಸುವೆವು. ಅಲ್ಲಿ ಎರಡು ಕಪಾಟುಗಳು ಇನ್ನೂ ಬರಿದಾಗಿವೆ.