ಬಿರುಮಳೆಯ ಬೆನ್ನು ಹತ್ತುವ ಮೊದಲು

ಮಳೆಮೋಡದ ಹಿಂದೆ ಬೈಕ್ ಓಡಿಸುವ ಹುಚ್ಚು ಹಿಡಿದ ನಮ್ಮ ಚಿನ್ನಾಳಪಟ್ಟಿಯ ಹುಡುಗರೇ, ಈ ಹವ್ಯಾಸ ನನಗೂ ಪ್ರೀತಿಯದೇ. ಆದರೆ ಅದನ್ನು ಮನೆ ಬಾಗಿಲಲ್ಲೇ ಶುರು ಮಾಡಿ. ಬೀದಿಯಲ್ಲಿ ಹಾಸು ಚಾಚುವ ನೇಕಾರರು ನಾವು. ನಾಲ್ಕು ಹನಿ ಬಿದ್ದರೂ ನೂಲು ಹಾಳು. ಹಾಗಾಗಿ ಸಿರುಮಲೆ ಬೆಟ್ಟದ ಕಡೆ ಕಣ್ಣಿಡುವುದು ನಮಗೆ ಹೊಸತಲ್ಲ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಬೆಟ್ಟದ ಮೇಲೆ ಹೂಕೋಸಿನಂತೆ ಮೋಡ ಉಬ್ಬಿ, ನೆತ್ತಿ ಚಪ್ಪಟೆಯಾಗಿ ಹರಡಿದರೆ ಗುಡುಗುಮಳೆ ಬಲಿತಿದೆ ಎಂದರ್ಥ.

ಮಿಂಚು ಕಂಡೊಡನೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. 30 ಎಣಿಸುವುದರೊಳಗೆ ಗುಡುಗಿದರೆ ಒಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬೇಡಿ. ಮರದಡಿ ನಿಲ್ಲುವುದಂತೂ ಬೇಡವೇ ಬೇಡ. ಫೋನಿನಲ್ಲಿ ಹವಾಮಾನ ಇಲಾಖೆಯ ರಾಡಾರ್ ಚಿತ್ರವಿದೆ, ಸಿಡಿಲಿಗೆ ‘ದಾಮಿನಿ’ ಆ್ಯಪ್ ಇದೆ.

ಚಂಡಮಾರುತವನ್ನಂತೂ ಹುಡುಕಿಕೊಂಡು ಹೋಗಲೇಬೇಡಿ. 2018ರ ನವೆಂಬರ್ 16ರಂದು ವೇದಾರಣ್ಯದ ಬಳಿ ದಡ ಮುಟ್ಟಿದ ‘ಗಜ’ ಒಳನಾಡಿಗೆ ನುಗ್ಗಿ ಕೊಡೈಕೆನಾಲಿನಲ್ಲೂ ಮರ ಉರುಳಿಸಿತು. ಅಂಥ ದಿನ ರಸ್ತೆಗಿಳಿದವರು ರಕ್ಷಣೆಯವರಿಗೂ ಹೊರೆ.

ಹಿರಿಯರಲ್ಲಿ ನನ್ನ ಬೇಡಿಕೆ: ನಮ್ಮೂರಿನ ಪ್ರತಿ ಶಾಲೆಗೂ ಒಂದು ಮಳೆಮಾಪಕ ಕೊಡಿಸಿ, ದಿನವೂ ಅಳೆದು ಬರೆದಿಡುವ ಕೆಲಸವನ್ನು ಈ ಹುಡುಗರಿಗೇ ವಹಿಸಿ.